ಹೆಡ್ಮಾಸ್ಟರ ಅಡುಗೆಮನೆಯ ತೋಪು

ಹೊಸ ಬ್ಯಾಟರಿ ಹಾಕಿದ ಕೂಡಲೇ ಕ್ಯಾಮೆರಾ ಹೊತ್ತೆಷ್ಟಾಯಿತು ಎಂದು ಕೇಳಿತು. ಕಂಡಕ್ಟರು ತಲೆಯೆತ್ತಿ ಹಜಾರದ ಗಡಿಯಾರ ನೋಡಿದರು, ಅದು ತೋರಿಸಿದ್ದನ್ನೇ ಒತ್ತಿ ಹೊರಟರು. ಅವತ್ತಿನ ಫಜೀತಿಗೆಲ್ಲ ಬೇರು ಅದೇ.

ಕಂಡಕ್ಟರು ಎಂದರೆ ಈಗ ಬಸ್ಸಿನವರಲ್ಲ, ನಿವೃತ್ತರು. ಕೆಲಸ ಹೋದರೂ ಹೆಸರು ಬಿಟ್ಟಿರಲಿಲ್ಲ. ಬೀದಿ ಅಗಲ ಮಾಡುತ್ತಾರೆಂಬ ಸುದ್ದಿ ಬಂದಾಗ ಅಕ್ಕಪಕ್ಕದವರೆಲ್ಲ ಅವರನ್ನೇ ಮುಂದೆ ತಳ್ಳಿದ್ದರು. ಎಂಜಿನಿಯರ್ ಖಡಾಖಂಡಿತವಾಗಿ ಹೇಳಿದ್ದ: "ಇವತ್ತು ಐದರೊಳಗೆ ಮರಗಳ ನಕ್ಷೆ ತಂದುಕೊಡಿ. ನಕ್ಷೇಲಿರೋ ಮರ ಉಳಿಸ್ತೀವಿ. ಇಲ್ಲದ್ದಕ್ಕೆ ನನ್ನ ಕೇಳ್ಬೇಡಿ."

ಬೀದಿ ಮೂಲೆಯಲ್ಲೊಂದು ನೇರಳೆ ಮರ. ನಿವೃತ್ತಿಯಾದ ಮೇಲೆ ಕಂಡಕ್ಟರ ಸಂಜೆಗಳೆಲ್ಲ ಅದರ ಕೆಳಗಿನ ಕಲ್ಲಿನ ಮೇಲೆ. ಅದೂ ಹೋದರೆ ಎಲ್ಲಿ ಕೂರುವುದು, ಯಾರೊಡನೆ ಮಾತಾಡುವುದು ಎಂಬ ಚಿಂತೆಯಲ್ಲಿ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಉಪಾಯ ಹೇಳಿಕೊಟ್ಟವಳು ಸೊಸೆ. "ನಿಮ್ಮ ಫೋನಲ್ಲಿ ಫೋಟೊ ಮಸುಕು ಬರುತ್ತೆ ಮಾವ. ಹಳೇ ಕ್ಯಾಮೆರಾದಲ್ಲೇ ತೆಗೀರಿ. ಅದಕ್ಕೆ ಜಾಗ ಗೊತ್ತಾಗಲ್ಲ, ಹೊತ್ತು ಗೊತ್ತು. ಫೋನು ಜೇಬಲ್ಲಿರ್ಲಿ, ಯಾವ ಹೊತ್ತಲ್ಲಿ ಎಲ್ಲಿದ್ರಿ ಅಂತ ಅದು ಬರ್ಕೊಂಡು ಬರುತ್ತೆ. ಎರಡನ್ನೂ ಕೂಡಿಸಿದ್ರೆ ಮರ ತನ್ನ ಜಾಗದಲ್ಲಿ ಹೋಗಿ ನಿಂತ್ಕೊಳ್ಳುತ್ತೆ."

ಕಂಡಕ್ಟರು ಬೀದಿಯುದ್ದಕ್ಕೂ ಮರ ಮರಕ್ಕೂ ನಿಂತು ಫೋಟೊ ತೆಗೆದರು. ಮಧ್ಯೆ ಅದೇ ಬೀದಿಯ ಹೆಡ್ಮಾಸ್ಟರು ಕರೆದರೆಂದು ಅವರ ಅಡುಗೆಮನೆಯಲ್ಲಿ ಕೂತು, ಅವರು ತರಕಾರಿ ಹೆಚ್ಚುತ್ತ ಹೇಳಿದ ಕತೆಯನ್ನೆಲ್ಲ ಕೇಳಿದರು. ಆಮೇಲೆ ಉಳಿದ ಮರ ಮುಗಿಸಿ, ಕ್ಷೌರದಂಗಡಿಯಲ್ಲಿ ಗಡ್ಡ ಹೆರೆಸಿಕೊಂಡು ಮನೆಗೆ ಬಂದರು.

ಮಧ್ಯಾಹ್ನ ಸೊಸೆ ಎರಡನ್ನೂ ಕೂಡಿಸಿದಳು. ನಕ್ಷೆ ನೋಡಲು ಹೆಡ್ಮಾಸ್ಟರೂ ಬಂದು ಕುರ್ಚಿ ಎಳೆದುಕೊಂಡರು. ಕ್ಷೌರದಂಗಡಿಯೊಳಗೆ ನಾಲ್ಕು ಮರ ಎದ್ದಿದ್ದವು. ಹೆಡ್ಮಾಸ್ಟರ ಮನೆಯೊಳಗಂತೂ ದಟ್ಟ ತೋಪು. ಮೂಲೆಯ ನೇರಳೆ ಸರಿಯಾಗಿ ಅವರ ಒಲೆಯ ಮೇಲೆ ನಿಂತಿತ್ತು.

ಹೆಡ್ಮಾಸ್ಟರ ಮುಖ ಕೆಂಪಾಯಿತು. "ಏನ್ರಿ ಇದು? ಮನೆಗೆ ಕರ್ದು ಕೂರಿಸಿದ್ದಕ್ಕೆ ಇದಾ ಬಹುಮಾನ? ನಾಳೆ ಯಾರಾದ್ರೂ ಬಂದು ನಿಮ್ಮ ಅಡುಗೆಮನೆ ಸರ್ಕಾರದ ತೋಪು ಅಂದ್ರೆ ನಾನೆಲ್ಲಿ ಬೇಯಿಸ್ಕೊಳ್ಳಲಿ?"

"ನಾನೇನು ನಿಮ್ಮನೇಲಿ ಗಿಡ ನೆಟ್ಟು ಬಂದ್ನಾ?" ಎಂದು ಕಂಡಕ್ಟರೂ ದನಿಯೇರಿಸಿದರು. ಹೆಡ್ಮಾಸ್ಟರು ಧುಮುಗುಟ್ಟುತ್ತ ಎದ್ದು ಹೋದರು.

ಸೊಸೆ ಕ್ಯಾಮೆರಾ ಕೈಗೆತ್ತಿಕೊಂಡು ಕೇಳಿದಳು. "ಮಾವ, ಕ್ಯಾಮೆರಾದಲ್ಲಿ ಹೊತ್ತು ಯಾವುದನ್ನ ನೋಡಿ ಇಟ್ರಿ?"

"ಹಜಾರದ ಗಡಿಯಾರ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಅದು ಐದು ನಿಮಿಷ ಮುಂದಿದೆ ಕಣ್ರೀ. ನೀವು ಡ್ಯೂಟಿಗೆ ತಡ ಮಾಡ್ಬಾರ್ದು ಅಂತ ನಾನೇ ಇಟ್ಟಿದ್ದು."

"ಐದೆಲ್ಲಿ? ನೀನು ಮದುವೆಮನೆಗೆ ಹೊರಡೋದು ತಡ ಅಂತ ನಾನೂ ಒಂದಷ್ಟು ತಿರುಗಿಸಿದ್ದೆ," ಎಂದರು ಕಂಡಕ್ಟರು.

ಸೊಸೆ ತಲೆ ತಗ್ಗಿಸಿದಳು. "ನಿಮ್ಮ ಮಗ ಆಫೀಸಿಗೆ ಹೊರಡಲ್ಲ ಅಂತ ನಾನೂ ಸ್ವಲ್ಪ."

ಒಬ್ಬರಿಗೊಬ್ಬರು ತಿಳಿಯದಂತೆ, ಒಬ್ಬರಿಗಾಗಿ ಇನ್ನೊಬ್ಬರು ಹೊತ್ತನ್ನು ಮುಂದೆ ತಳ್ಳುತ್ತ ಬಂದಿದ್ದರು. ಒಟ್ಟು ಎಷ್ಟು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕಂಡಕ್ಟರು ತಲೆಯ ಮೇಲೆ ಕೈ ಹೊತ್ತು ಕೂತರು.

ಸೊಸೆ ಮಾತ್ರ ಧೈರ್ಯಗೆಡಲಿಲ್ಲ. ಫೋನಿನಲ್ಲಿ ಗಂಟೆ ಕಾಣಿಸುವಂತೆ ಹಿಡಿದು, ಅದರದ್ದೇ ಒಂದು ಫೋಟೊ ಕ್ಯಾಮೆರಾದಿಂದ ತೆಗೆದಳು. ಫೋನಿನ ಹೊತ್ತಿಗೂ ಫೋಟೊದಲ್ಲಿ ದಾಖಲಾದ ಹೊತ್ತಿಗೂ ಇದ್ದ ವ್ಯತ್ಯಾಸ ಹದಿನೇಳು ನಿಮಿಷ. ಅಷ್ಟನ್ನು ಕಳೆದು ಮತ್ತೆ ಕೂಡಿಸಿದಾಗ ಮರಗಳು ಹೆಡ್ಮಾಸ್ಟರ ಅಡುಗೆಮನೆಯಿಂದ ಸಾಲಾಗಿ ಹೊರಬಂದು, ಬೀದಿಯಲ್ಲಿ ತಮ್ಮ ತಮ್ಮ ಜಾಗ ಹಿಡಿದು ನಿಂತವು. ನೇರಳೆ ಮೂಲೆಗೆ ಬಂತು. ಕಂಡಕ್ಟರಿಗೆ ಹೋದ ಜೀವ ಬಂದಂತಾಯಿತು.

ನಕ್ಷೆಯ ಹಾಳೆ ಅವರ ಕೈಗಿತ್ತು ಸೊಸೆ ತನ್ನ ಕೆಲಸಕ್ಕೆ ಹೋದಳು. ಹೆಂಡತಿ ಹೆಡ್ಮಾಸ್ಟರನ್ನು ಸಮಾಧಾನ ಮಾಡಲು ಆಗಲೇ ಹೋಗಿಯಾಗಿತ್ತು. ಬೆಳಿಗ್ಗೆಯೆಲ್ಲ ದಾರಿ ಬರೆದು ಸುಸ್ತಾದ ಫೋನು ಒಳಗೆ ಚಾರ್ಜಿಗೆ ಕೂತಿತ್ತು. ಕಂಡಕ್ಟರು ಹಜಾರಕ್ಕೆ ಬಂದು ಗಡಿಯಾರ ನೋಡಿದರು. ಐದಕ್ಕೆ ಹತ್ತು ನಿಮಿಷ.

"ನಿನ್ನ ಮಾತು ನಾನಿನ್ನು ನಂಬ್ತೀನಾ?" ಎಂದು ಗಡಿಯಾರಕ್ಕೆ ಹೇಳಿ, ಹದಿನೇಳು ಕಳೆದರು. ಬೇಕಾದಷ್ಟು ಹೊತ್ತಿತ್ತು. ಆರಾಮವಾಗಿ ಮುಖ ತೊಳೆದು, ಕಾಫಿ ಮಾಡಿಕೊಂಡು ಕುಡಿದು, ಇಸ್ತ್ರಿ ಅಂಗಿ ತೊಟ್ಟು ಹೊರಟರು.

ಕಛೇರಿಗೆ ಬೀಗ ಬಿದ್ದಿತ್ತು. ವಾಚ್‌ಮನ್ ಗೇಟಿನ ಬಳಿ ಕೂತಿದ್ದ.

"ಸಾಹೇಬ್ರು ನಿಮ್ಮನ್ನ ಐದರ ತನಕ ಕಾದ್ರು. ಆಮೇಲೆ ಮರ ಗುರುತು ಮಾಡದ ಹಳೇ ನಕ್ಷೆನೇ ಮೇಲಿನವರಿಗೆ ಕಳಿಸಿ ಹೊರಟ್ರು. ನಾಳೆಯಿಂದ ಕೆಲಸ ಶುರುವಂತೆ."

"ಐದಕ್ಕೆ ಇನ್ನೂ ಹೊತ್ತಿದೆಯಲ್ಲಪ್ಪ?"

ವಾಚ್‌ಮನ್ ತನ್ನ ಕೈಗಡಿಯಾರ ತೋರಿಸಿದ. ಐದು ಯಾವಾಗಲೋ ಕಳೆದಿತ್ತು. ಕೈ ಬೀಸುತ್ತ ಬಸ್ಸಿನ ಹಿಂದೆ ಓಡಿ ಬರುತ್ತಿದ್ದವರನ್ನು ಕಂಡೂ ಎಷ್ಟೋ ಸಲ ಸೀಟಿ ಊದಿದ್ದರು ಕಂಡಕ್ಟರು. ರಸ್ತೆಯಲ್ಲಿ ಉಳಿದುಬಿಟ್ಟವರಿಗೆ ಹೇಗಾಗುತ್ತದೆ ಎನ್ನುವುದು ಅವರಿಗೆ ಗೊತ್ತಾದದ್ದು ಇವತ್ತು.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು. ಗಂಡ ಬಾಯಿ ತೆರೆಯುವ ಮೊದಲೇ ಶುರು ಮಾಡಿದರು. "ಹೆಡ್ಮಾಸ್ಟರ ಕೋಪ ಇಳೀತು. ಇನ್ನೊಂದು ಕೆಲಸಾನೂ ಮಾಡ್ದೆ ಕಣ್ರೀ. ನಿಮ್ಮ ಒದ್ದಾಟ ನೋಡೋಕಾಗ್ಲಿಲ್ಲ. ನೀವಿಬ್ರೂ ಒಳಗೆ ಮರ ಸರಿ ಮಾಡ್ತಿದ್ದಾಗ ಸ್ಟೂಲ್ ಹತ್ತಿ ಗಡಿಯಾರ ಸರಿ ಮಾಡ್ಬಿಟ್ಟೆ. ಇನ್ಮೇಲೆ ನಿಮಗೆ ಯಾವತ್ತೂ ಮೋಸ ಆಗಲ್ಲ."

ಕಂಡಕ್ಟರು ಹೆಂಡತಿಯ ಮುಖ ನೋಡಿದರು. ಅಷ್ಟು ಸಂತೋಷವನ್ನು ಅಲ್ಲಿ ಕಂಡು ಬಹಳ ದಿನವಾಗಿತ್ತು. ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು.

"ಒಳ್ಳೇದು ಮಾಡ್ದೆ," ಎಂದರು. "ಚಪ್ಪಲಿ ಹಾಕ್ಕೋ. ಇವತ್ತು ನೀನೂ ಬಾ, ಮರದ ಕೆಳಗೆ ಸ್ವಲ್ಪ ಹೊತ್ತು ಕೂತು ಬರೋಣ."