ಎಮು ಅಪ್ಪನ ಉಪವಾಸ

ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಬಾರದಿರುವುದು ನನ್ನ ಹುಟ್ಟುಗುಣ. ಯಾರಾದರೂ ದಾರಿ ಕೇಳಿದರೆ, ಆ ಬೀದಿಯ ಹೆಸರನ್ನೇ ಕೇಳಿರದಿದ್ದರೂ 'ನೇರ ಹೋಗಿ, ಎಡಕ್ಕೆ ತಿರುಗಿ' ಎಂದು ಕಳಿಸಿದವನು ನಾನು. ಅವರೆಲ್ಲ ಎಲ್ಲಿ ತಲುಪಿದರೋ! ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದು ಎಂಟು ವರ್ಷವಾಯಿತು. ಆಫೀಸಿನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಕೈಸನ್ನೆ. ಆದರೂ ಮೈಸೂರಿನ ಅತ್ತೆಗೆ, ಜರ್ಮನ್ ನನಗೆ ನೀರು ಕುಡಿದಷ್ಟು ಸುಲಭ ಎಂದು ಫೋನಿನಲ್ಲಿ ಬಡಾಯಿ ಕೊಚ್ಚಿದ್ದೆ.

ಅತ್ತೆ ಬಂದರು. ಅವರಿಗೆ ಬೇಕಿದ್ದುದು ನನ್ನ ಜರ್ಮನ್ ಅಲ್ಲ, ಏಳು ವರ್ಷದ ಮೊಮ್ಮಗಳು ಚಿನ್ಮಯಿಯ ಕನ್ನಡ. ಅವಳಿಗೆ ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಜರ್ಮನ್‌ನಲ್ಲಿ: ಹೌದು ಎನ್ನಲು 'ಯಾ', ಇಲ್ಲ ಎನ್ನಲು 'ನೈನ್'. ಮೂರು ವಾರವಾದರೂ ಅಷ್ಟೇ. "ಮಗು ಬಾಯಲ್ಲಿ ಎರಡು ಮಾತು ಕೇಳದೆ ಹೇಗೆ ಹೋಗ್ಲಿ?" ಎಂದು ಅತ್ತೆ ಕಣ್ಣೊರೆಸಿಕೊಂಡಾಗ ನನಗೂ ಸಂಕಟವಾಯಿತು. ಅವರು ಹೊರಡುವ ಹಿಂದಿನ ದಿನ, ಹತ್ತಿರದ ಮೃಗಾಲಯದಲ್ಲಿ ಗೈಡ್ ಜೊತೆ ಆಸ್ಟ್ರೇಲಿಯಾದ ಪ್ರಾಣಿಗಳನ್ನು ನೋಡುವ ಅರ್ಧ ದಿನದ ಸುತ್ತಾಟಕ್ಕೆ ಹೆಂಡತಿ ಟಿಕೆಟ್ ಮಾಡಿದ್ದಳು. ಜರ್ಮನ್ ಬರುವುದು ಅವಳಿಗೆ. ಆದರೆ ಅಂದೇ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಎಂದು ಅವಳು ಉಳಿದುಕೊಂಡಳು. ನಾನೇ ದುಭಾಷಿಯಾದೆ.

ಕಾಂಗರೂ ಹತ್ತಿರ ಗೈಡಮ್ಮ ಐದು ನಿಮಿಷ ಮಾತಾಡಿದರು. "ಹೊಟ್ಟೆ ಚೀಲದಲ್ಲಿ ಮರಿ ಇರುತ್ತಂತೆ" ಎಂದೆ. ಅದು ತಪ್ಪಾಗುವ ಹಾಗೇ ಇರಲಿಲ್ಲ, ಧೈರ್ಯ ಬಂತು. ಗೂಡಿನಲ್ಲಿ ಕೂತಿದ್ದ ಎಮು ಹಕ್ಕಿಯ ಎದುರು ಆಕೆ ದೊಡ್ಡದೊಂದು ಹಸಿರು ಮೊಟ್ಟೆ ತೋರಿಸಿ, ಹೊಟ್ಟೆ ಮುಟ್ಟಿಕೊಂಡು ಏನೋ ಹೇಳಿದರು. ನಾನು ತಡವರಿಸಲಿಲ್ಲ. "ಇದು ತಾಯಿಹಕ್ಕಿ, ಅತ್ತೆ. ಮಹಾ ಹೊಟ್ಟೆಬಾಕ. ಕೂತಲ್ಲೇ ದಿನವಿಡೀ ತಿನ್ನುತ್ತಂತೆ!"

"ಅಲ್ಲ ಅಜ್ಜೀ!" ಚಿನ್ಮಯಿ ಕಾಲು ನೆಲಕ್ಕೆ ಬಡಿದಳು. "ಅದು ಅಪ್ಪ! ಅಮ್ಮ ಮೊಟ್ಟೆ ಇಟ್ಟು ಹೋಗುತ್ತೆ. ಅಪ್ಪ ಎಂಟು ವಾರ ಕೂತ್ಕೊಳ್ಳುತ್ತೆ. ಏನೂ ತಿನ್ನಲ್ಲ!"

ಅತ್ತೆ ಹಕ್ಕಿಯನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. "ಹೌದಾ ಕಂದಾ? ನೀರೂ ಕುಡಿಯಲ್ವಾ?"

"ಇರು, ಕೇಳ್ತೀನಿ."

ಆಮೇಲೆ ನಾನು ಯಾರಿಗೂ ಬೇಕಾಗಲಿಲ್ಲ. ಅಜ್ಜಿ ಕೇಳುವುದು, ಇವಳು ಗೈಡಮ್ಮನ ಹತ್ತಿರ ಓಡುವುದು, ತಿರುಗಿ ಬಂದು ಪದ ಸಿಗದಲ್ಲಿ ಕೈ ಆಡಿಸುತ್ತ ಕನ್ನಡದಲ್ಲಿ ವರದಿ ಒಪ್ಪಿಸುವುದು. ಪುಳಿಯೋಗರೆ ಡಬ್ಬಿ ಹೊತ್ತು ನಾನು ಸಂತೋಷದಿಂದ ಹಿಂದೆ ಹಿಂದೆ ನಡೆದೆ.

ಟ್ರಾಮಿನಲ್ಲಿ ಅತ್ತೆ ಮೆಲ್ಲಗೆ ಹೇಳಿದರು: "ಮಗು ಮಾತಾಡ್ಲಿ ಅಂತ ಬೇಕೂಂತಲೇ ತಪ್ಪು ಹೇಳಿದ್ರಿ ಅಲ್ವಾ? ಎಂಥಾ ಉಪಾಯ ಅಳಿಯಂದಿರೇ!" ನಾನು ವಿನಯದಿಂದ ತಲೆ ತಗ್ಗಿಸಿದೆ.

"ಇಲ್ಲ ಅಜ್ಜಿ," ಎಂದಳು ಮಗಳು, "ಅಪ್ಪಂಗೆ ನಿಜವಾಗ್ಲೂ ಏನೂ ಗೊತ್ತಿಲ್ಲ."

ಒಂದೂ ತಪ್ಪಿಲ್ಲದ, ಅಚ್ಚ ಕನ್ನಡ.