ಕಾರು ಮೇಲೆ, ಯಜಮಾನರು ಕೆಳಗೆ

ನಮ್ಮ ಮನೆಯ ಕಾರು ತಾನಾಗಿ ಕೆಟ್ಟದ್ದು ಕಡಿಮೆ. ಕೆಟ್ಟಿದೆಯೇ ಎಂದು ನನ್ನ ಗಂಡ ಬಗ್ಗಿ ನೋಡಿದ ಮೇಲೆ ಕೆಟ್ಟದ್ದೇ ಹೆಚ್ಚು. ಹಾಗಾಗಿ ಇಂಥ ಪ್ರಸಂಗಗಳಿಗೆ ನಂಜನಗೂಡಿನ ನಮ್ಮ ಶೆಡ್ಡಿನಲ್ಲಿ ಬರವೆಂಬುದಿಲ್ಲ.

ಅವರದು ಗೊಬ್ಬರದ ಅಂಗಡಿ. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಒಂದು ಭಾನುವಾರ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಎಂಜಿನ್ ಆಯಿಲ್ ಬದಲಾಯಿಸುವ ಕೆಲಸ ಇನ್ನು ಮುಂದೆ ಮನೆಯಲ್ಲೇ ಎಂದು ಘೋಷಿಸಿದರು. ವಿಡಿಯೋದಲ್ಲಿದ್ದವನು ರಷ್ಯಾದವನೋ ಎಲ್ಲಿಯವನೋ, ಅವನ ಒಂದು ಮಾತೂ ನಮಗೆ ತಿಳಿಯದು. "ಭಾಷೆ ಯಾಕೆ ಬೇಕು, ಕೈ ನೋಡಿದ್ರೆ ಗೊತ್ತಾಗುತ್ತೆ ಕಣೇ" ಎಂದರು.

ಆಯಿಲ್ ಹಳೆಯದಾದರೂ ಹೊಸದಾದರೂ ನನಗೆ ಚಿಂತೆಯಿಲ್ಲ. ಕಾರಿನ ಕೆಳಗೆ ಹೋದ ಗಂಡ ಹೋದ ಆಕಾರದಲ್ಲೇ ಹೊರಗೆ ಬರಬೇಕು, ನನ್ನ ಬೇಡಿಕೆ ಅಷ್ಟೇ. ಅದು ಇಷ್ಟು ದುಬಾರಿ ಬೇಡಿಕೆ ಎಂದು ಗೊತ್ತಿರಲಿಲ್ಲ.

ಮನೆ ಹೊರುವ ಬ್ಲಾಕು

ಮೊದಲ ಸಲ ಅವರು ಜಾಕು ಹಾಕಿ ಕಾರಿನ ಮುಂಭಾಗ ಎತ್ತಿ, ಎರಡು ಕಡೆಗೂ ಸಿಮೆಂಟಿನ ಟೊಳ್ಳು ಬ್ಲಾಕು ಒಡ್ಡಿದರು. ಕಾಂಪೌಂಡ್ ಕಟ್ಟಿದಾಗ ಉಳಿದಿದ್ದ ಬ್ಲಾಕುಗಳು.

"ಇದು ಒಡೆಯುತ್ತೆ ರೀ."

"ಮನೆಗೆ ಮನೇನೇ ಇದರ ಮೇಲೆ ನಿಂತಿರುತ್ತೆ. ಕಾರು ನಿಲ್ಲಲ್ವಾ?"

ಮನೆಯ ತೂಕ ಗೋಡೆಯುದ್ದಕ್ಕೂ ಹಂಚಿಕೊಂಡು ಕೂರುತ್ತದೆ, ಕಾರಿನ ತೂಕ ಒಂದೇ ಕಡೆ ಮೊಳೆಯ ಹಾಗೆ ಒತ್ತುತ್ತದೆ ಎಂದೆ. ತರಗತಿಯಲ್ಲಿ ಈ ಮಾತಿಗೆ ಹುಡುಗರು ಆಕಳಿಸುತ್ತಾರೆ. ಇವರೂ ಆಕಳಿಸಿದರು. ಕೊನೆಗೆ ಒಪ್ಪಂದವಾಯಿತು: ಮೊದಲು ಜಾಕು ಇಳಿಸಿ ಕಾರನ್ನು ಬ್ಲಾಕಿನ ಮೇಲೆ ಕೂರಿಸುವುದು, ಒಂದು ಕಾಫಿ ಕುಡಿಯುವುದು, ಆಮೇಲೆ ಕೆಳಗೆ ಹೋಗುವುದು.

ಕಾಫಿಗೆ ಹಾಲು ಉಕ್ಕುವ ಮೊದಲೇ ಶೆಡ್ಡಿನಲ್ಲಿ ಟಪ್ ಎಂದಿತು. ಓಡಿಹೋಗಿ ನೋಡಿದರೆ ಬ್ಲಾಕು ಹಪ್ಪಳ, ಕಾರು ನೆಲಕ್ಕೆ. ಮಲಗಲೆಂದು ಅವರು ಹಾಸಿದ್ದ ಗೋಣಿಚೀಲದಿಂದ ಗೇಣಿಗೂ ಕಡಿಮೆ ಎತ್ತರದಲ್ಲಿ ಎಂಜಿನ್ನಿನ ಹೊಟ್ಟೆ ಆರಾಮವಾಗಿ ಇಳಿಬಿದ್ದಿತ್ತು.

ಒಳಗಿನಿಂದ ಅತ್ತೆಯ ದನಿ ಬಂತು: "ಯಾರವ್ವ ಕಾಯಿ ಒಡೆದೋರು?"

ನನ್ನ ಗಂಡ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ ತೀರ್ಪು ಕೊಟ್ಟರು: "ಕಾಂಪೌಂಡ್ ಕಟ್ಟಿದ ಮೇಸ್ತ್ರಿ ಮೋಸ ಮಾಡಿದ್ದಾನೆ."

ಅನುಭವಸ್ಥರು

ಪಕ್ಕದ ಮನೆಯಲ್ಲಿರುವವರು ಹದಿನಾರು ಎಂಬ ಊರಿನ ಕಡೆಯವರು, ನಿವೃತ್ತ ಬಸ್ ಡ್ರೈವರ್. ಸದ್ದು ಕೇಳಿ ಬಂದರು. ನಾನು ಅಂಗಡಿಯಿಂದ ಸರಿಯಾದ ಜಾಕ್ ಸ್ಟ್ಯಾಂಡ್ ತರಬೇಕು ಎನ್ನುತ್ತಿದ್ದುದು ಅವರಿಗೆ ಹಿಡಿಸಲಿಲ್ಲ.

"ಸ್ಟ್ಯಾಂಡೂ ಇಲ್ಲ ಪಾಂಡೂ ಇಲ್ಲ. ನಾವೆಲ್ಲ ರೋಡ್ ಬದಿ ಕಲ್ಲು ಕೊಟ್ಟೇ ಬಸ್ ಎತ್ತುದ್ದು ಕಣವ್ವ. ಕೆಳಗೇ ನಿದ್ದೆ ಒಡೀತಿದ್ವಿ. ಒಂದಿನಾನೂ ಏನೂ ಆಗಿಲ್ಲ."

ಹೇಳಿ ಎಡಗಾಲು ಎಳೆದುಕೊಂಡು ಹೊರಟರು. ತಡೆಯಲಾರದೆ ಕೇಳಿದೆ: "ಅಣ್ಣ, ಕಾಲಿಗೇನಾಗಿತ್ತು?"

"ಓ ಇದಾ? ಇದು ಬಸ್ಸಲ್ಲ ಕಣವ್ವ. ಲಾರಿ."

ಗ್ಯಾರಂಟಿ

ಪೇಟೆಯ ಅಂಗಡಿಗೆ ಹೋದೆವು. ಜಾಕ್ ಸ್ಟ್ಯಾಂಡ್ ಕೇಳಿದರೆ ಅಂಗಡಿಯವರು ಜಾಕು ತಂದಿಟ್ಟರು.

"ಜಾಕು ಇದೆ. ಅದು ಎತ್ತೋಕೆ. ನಮಗೆ ಬೇಕಾಗಿರೋದು ಎತ್ತಿದ್ದನ್ನ ಹಿಡ್ಕೊಳ್ಳೋಕೆ" ಎಂದೆ.

ಅವರು ನನ್ನ ಗಂಡನ ಕಡೆ ತಿರುಗಿ, "ಎತ್ತಿರೋದೇ ಹಿಡ್ಕೊಂಡಿರ್ತದಲ್ಲ ಸಾ?" ಎಂದರು. ಪ್ರಶ್ನೆ ನನ್ನದು, ಉತ್ತರ ಇವರಿಗೆ. ಒಳಗೆ ಎಣ್ಣೆ ಸೋರಿದರೆ ಜಾಕು ತಾನಾಗಿ ಇಳಿಯುತ್ತದೆ ಎಂದೆ. "ಸೋರೋ ಮಾಲು ನಾವು ಇಡಲ್ಲ ಸಾ" ಎಂದು ಮತ್ತೆ ಇವರಿಗೇ ಹೇಳಿದರು.

ಕೊನೆಗೆ ಅಟ್ಟದ ಮೇಲಿಂದ ಧೂಳು ಹಿಡಿದ ಒಂದು ಜೊತೆ ಸ್ಟ್ಯಾಂಡು ಇಳಿಯಿತು. ಕೈಯಿಟ್ಟು ಅಲ್ಲಾಡಿಸಿದೆ. ಅದು ಹೌದೌದು ಎಂದು ತಲೆಯಾಡಿಸಿತು. ಎತ್ತರ ನಿಲ್ಲಿಸುವ ತೂತಿಗೆ ಪಿನ್ನು ಇರಬೇಕಾದ ಕಡೆ ಬಾಗಿಲಿನ ಮೊಳೆಯೊಂದನ್ನು ದಾರದಲ್ಲಿ ಕಟ್ಟಿದ್ದರು.

"ಎಷ್ಟು ತೂಕ ತಡೆಯುತ್ತೆ?"

"ನೀವು ಎಷ್ಟು ಇಟ್ರೂ ತಡೀತದೆ ಮೇಡಂ."

"ಎಲ್ಲಿ ಬರೆದಿದೆ?"

"ಬರೆದಿರೋದೆಲ್ಲ ನಿಜ ಆಗ್ಬಿಡ್ತದಾ ಮೇಡಂ?"

ಈ ಮಾತು ನನಗೆ ಇಷ್ಟವಾಯಿತು. ಆದರೂ ಗ್ಯಾರಂಟಿ ಇದೆಯೇ ಎಂದು ಕೇಳಿದೆ.

"ಇದೆ ಮೇಡಂ. ಕಾರು ಕುಸಿದು ಸ್ಟ್ಯಾಂಡೇನಾದ್ರೂ ಬೆಂಡಾದ್ರೆ ತಂದುಕೊಡಿ. ಮಾತೇ ಇಲ್ಲ, ಹೊಸದು ಕೊಡ್ತೀನಿ."

"ತಂದುಕೊಡೋದು ಯಾರು? ಕೆಳಗೆ ಇರೋದು ಇವರು."

ಅವರು ನನ್ನ ಗಂಡನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸಮಾಧಾನ ಹೇಳಿದರು: "ನೀವು ಇರ್ತೀರಲ್ಲ ಮೇಡಂ."

ನವಿಲುಗಳು

ಅತ್ತೆ ಸೋಸಲೆಯವರು. ಅವರ ತಮ್ಮ, ಅಂದರೆ ನನ್ನ ಗಂಡನ ಸೋದರಮಾವ, ಟಿ. ನರಸೀಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾರೆ. ನಾವು ದುಡ್ಡು ಕೊಟ್ಟು ಸ್ಟ್ಯಾಂಡು ತರಲು ಹೊರಟು ಬರಿಗೈಯಲ್ಲಿ ಬಂದೆವೆಂದು ತಿಳಿದು ಅವರಿಗೆ ಅವಮಾನವಾಯಿತು. ಮುಂದಿನ ವಾರವೇ ಎರಡು ಸ್ಟ್ಯಾಂಡು ಮಾಡಿ ತಂದರು.

ಅವರ ಅಂಗಡಿಯಿಂದ ನವಿಲಿಲ್ಲದ ಕಬ್ಬಿಣ ಹೊರಬಿದ್ದ ಉದಾಹರಣೆಯಿಲ್ಲ. ಇಲ್ಲೂ ಒಂದೊಂದು ಸ್ಟ್ಯಾಂಡಿಗೆ ಒಂದೊಂದು ನವಿಲು, ನೀಲಿ ಬಣ್ಣ ಸಮೇತ. ಕಾಲುಗಳು ಮಾತ್ರ ಕಿಟಕಿ ಸರಳಿನಷ್ಟು ದಪ್ಪ.

"ಮಾವ, ಎಷ್ಟು ತೂಕ ತಡೆಯುತ್ತೆ?"

"ಆನೆ ನಿಲ್ಸವ್ವ."

"ಆನೆ ಕೆಳಗೆ ಯಾರೂ ಮಲಗಲ್ಲ ಮಾವ."

"ನಮ್ಮಳಿಯ ಮಲಗ್ತಾನೆ ಬುಡು! ಏನ್ಲಾ, ಮಲಗಾಕಿಲ್ವಾ?"

ಅಳಿಯ ಗೋಣಿಚೀಲ ಹಿಡಿದು ಸಿದ್ಧರಾಗಿಯೇ ನಿಂತಿದ್ದರು. ಮತ್ತೆ ಅದೇ ಒಪ್ಪಂದ, ಮೊದಲು ಕಾರು, ಆಮೇಲೆ ಅಳಿಯ. ನವಿಲು ನಾಲ್ಕು ಜನಕ್ಕೆ ಕಾಣಲಿ ಎಂದು ಮಾವ ಪರೀಕ್ಷೆಯನ್ನು ಶೆಡ್ಡಿನ ಸಿಮೆಂಟು ಬಿಟ್ಟು ಅಂಗಳದ ಮಣ್ಣಿನಲ್ಲಿ ಇಟ್ಟುಕೊಂಡರು. ಜಾಕು ಇಳಿಸಿದಂತೆಲ್ಲ ಎಡಗಡೆಯ ನವಿಲು ಸದ್ದಿಲ್ಲದೆ ಮಣ್ಣಿಗಿಳಿಯಿತು. ಕೊನೆಗೆ ಕೊಕ್ಕು ಮಾತ್ರ ಹೊರಗಿತ್ತು.

ಮಾವ ಕುಕ್ಕರುಗಾಲಲ್ಲಿ ಕೂತು ಪರಿಶೀಲಿಸಿದರು. "ನೋಡ್ಕೊ, ಸ್ಟ್ಯಾಂಡು ಒಂದಿಷ್ಟೂ ಮಿಸುಕಿಲ್ಲ. ನಿಮ್ ನೆಲದಲ್ಲೇ ದಮ್ಮಿಲ್ಲ."

ತಮ್ಮ ಮಾಡಿದ್ದೆಂದು ಅತ್ತೆ ಅವನ್ನು ಅಗೆದು ತೆಗೆಸಿ ಹಿತ್ತಲಲ್ಲಿ ಇರಿಸಿ, ಮೇಲೆ ನೀರಿನ ಡ್ರಮ್ಮು ಕೂರಿಸಿದ್ದಾರೆ. ಅದೂ ವಾಲಿದೆ. ಅತ್ತೆಗೆ ಅದೇ ಅನುಕೂಲವಂತೆ: "ವಾಲ್ಕೊಂಡಿದ್ರೆ ಕಡೇ ಚೊಂಬಿನ ಗಂಟ ನೀರು ಸಿಗ್ತದೆ."

ಅಮಾವಾಸ್ಯೆ

ಕೊನೆಗೆ ನಾನೇ ಮೈಸೂರಿಗೆ ಹೋಗಿ ತಂದೆ. ಅಗಲವಾದ ಪಾದ, ಹಲ್ಲಿಗೆ ಹಲ್ಲು ಕಚ್ಚುವ ಲಾಕು, ಲಾಕಿನ ಮೇಲೊಂದು ಅಡ್ಡ ಪಿನ್ನು, ಕಾರಿನ ಅಡಿ ಜಾರದೆ ಕೂರುವಂತೆ ತಲೆಯಲ್ಲಿ ತಗ್ಗು. ತೂಕದ ಮಿತಿ ಕಬ್ಬಿಣದಲ್ಲೇ ಅಚ್ಚಾಗಿತ್ತು. ನವಿಲು ಇರಲಿಲ್ಲ. "ಬೋಳು ಬೋಳಾಗಿ ಅದೆ" ಎಂದರು ಅತ್ತೆ.

ರಜೆಯ ದಿನ ನೋಡಿ ಕೆಲಸಕ್ಕಿಳಿದೆವು. ಶೆಡ್ಡಿನ ಸಮತಟ್ಟಾದ ಸಿಮೆಂಟು ನೆಲ. ಹ್ಯಾಂಡ್ ಬ್ರೇಕು ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ದಿಮ್ಮಿ ಒತ್ತುಕೊಟ್ಟು, ಮುಂದಿನ ಚಕ್ರಗಳು ನೆಲದಿಂದ ಒಂದಿಷ್ಟು ಮೇಲೇಳುವಷ್ಟು ಮಾತ್ರ ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ನಾನು ಸೊಂಟ ಕೊಟ್ಟು ಕಾರನ್ನು ನೂಕಿದೆ. ಅಲ್ಲಾಡಲಿಲ್ಲ. ಆಗ ಗಂಡನಿಗೆ ಅಪ್ಪಣೆ ಕೊಟ್ಟೆ. ಅವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಆ ತಿಳಿಯದ ಭಾಷೆಯ ವಿಡಿಯೋ ಹಾಕಿಕೊಂಡು, ಗೋಡೆಯ ಬದಿಯಿಂದ ಒಳಗೆ ತೂರಿದರು. ನನ್ನ ಜೀವಮಾನದಲ್ಲಿ ಒಂದು ಕೆಲಸವಾದರೂ ಪುಸ್ತಕದ ಪ್ರಕಾರ ಆಯಿತೆಂದುಕೊಂಡು ತಲೆಗೆ ನೀರು ಹಾಕಿಕೊಳ್ಳಲು ಹೋದೆ.

ಅಂದು ಅಮಾವಾಸ್ಯೆ ಎನ್ನುವುದು ಪುಸ್ತಕದಲ್ಲಿರಲಿಲ್ಲ.

ಪ್ರತಿ ಅಮಾವಾಸ್ಯೆಗೂ ಅತ್ತೆ ಕಾರಿಗೆ ವಿಭೂತಿ ಬಳಿದು, ಹೂವಿಟ್ಟು, ಮುಂದಿನ ಚಕ್ರಗಳಿಗೆ ನಿಂಬೆಹಣ್ಣು ಇಡುತ್ತಾರೆ. ಮಗ ಕಾರು ಹತ್ತಿಸಿ ಅವನ್ನು ಅಪ್ಪಚ್ಚಿ ಮಾಡಬೇಕು. ಅಂದು ಅತ್ತೆ ಬಾಗಿಲಲ್ಲೇ ನಿಂತು ಮಗನನ್ನು ಕೂಗಿದರು. ಇಯರ್‌ಫೋನಿನವರು ಓಗೊಡಲಿಲ್ಲ. ಅಂಗಡಿಗೆ ಹೋಗಿರಬೇಕೆಂದು ತೀರ್ಮಾನಿಸಿ ನಿಂಬೆಹಣ್ಣು ತಂದರು. ಮಾಮೂಲಿಯಾಗಿ ಅದನ್ನು ಚಕ್ರದ ಮುಂದೆ ತುರುಕಬೇಕು. ಅಂದು ಚಕ್ರದ ಕೆಳಗೇ ಸಲೀಸಾಗಿ ಹೋಗಿ ಕೂತಿತು. ಇದರಿಂದ ಅವರಿಗೆ ಅನುಮಾನ ಬರಬೇಕಿತ್ತು. ಭಕ್ತಿ ಬಂತು.

ಕಾರು ಬಿಡಲು ಪಕ್ಕದ ಮನೆಯ ಡ್ರೈವರಣ್ಣನನ್ನು ಕರೆದರು. ಅವರು ಬಂದರು, ಸೀಟಿನಲ್ಲಿ ಕೂತರು, ಅದರಲ್ಲೇ ಇದ್ದ ಬೀಗದ ಕೈ ತಿರುಗಿಸಿ ಗೇರು ಹಾಕಿದರು. ಇಷ್ಟು ವರ್ಷ ಬಸ್ಸು ಓಡಿಸಿದವರು ಕಾರಿನ ಕೆಳಗೆಲ್ಲ ಬಗ್ಗಿ ನೋಡುತ್ತಾರೆಯೇ.

ಬಚ್ಚಲಲ್ಲಿದ್ದ ನನಗೆ ಎಂಜಿನ್ನಿನ ಆರ್ಭಟ ಕೇಳಿಸಿತು. ತಲೆಗೆ ಟವೆಲು ಸುತ್ತಿಕೊಂಡು ಓಡಿದೆ. ಶೆಡ್ಡಿನಲ್ಲಿ ಮುಂದಿನ ಚಕ್ರಗಳೆರಡೂ ಗಾಳಿಯಲ್ಲಿ ಗಿರ್ರನೆ ತಿರುಗುತ್ತಿವೆ. ನಿಂಬೆಹಣ್ಣುಗಳು ಕೆಳಗೆ ತಣ್ಣಗೆ ಕೂತಿವೆ. ಅತ್ತೆ ಆರತಿ ತಟ್ಟೆ ಹಿಡಿದು ಕೂಗುತ್ತಿದ್ದಾರೆ: "ಇನ್ನೊಂಚೂರು ಒತ್ತಿ ಅಣ್ಣೋ!"

"ಒತ್ತತಾನೇ ಇವ್ನಿ ಕಣವ್ವ, ಜಗ್ಗಾಕಿಲ್ಲ ಅಂತದೆ!"

ಆ ಕಡೆ ಗೋಡೆಯ ಬದಿಯಲ್ಲಿ ಎರಡು ಪಾದಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ನನಗೆ ಪರಿಚಯದ ಪಾದಗಳೇ. ಅವುಗಳ ಯಜಮಾನರು ಏನೇನೋ ಕೂಗುತ್ತಿದ್ದಿರಬೇಕು, ಎಂಜಿನ್ನು ಕೇಳಿಸಗೊಡಲಿಲ್ಲ. ನಾನು ಕಿಟಕಿಯೊಳಗೆ ಕೈ ಹಾಕಿ ಬೀಗದ ಕೈ ತಿರುಗಿಸಿದೆ.

ನಿಶ್ಶಬ್ದ. ಚಕ್ರಗಳು ಮೆಲ್ಲಗೆ ನಿಂತವು. ಕಾರು ಸ್ಟ್ಯಾಂಡುಗಳ ಮೇಲೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಅತ್ತೆಗೆ ನಿಂಬೆಹಣ್ಣಿನ ಚಿಂತೆ.

ಡ್ರೈವರಣ್ಣ ನಿಧಾನವಾಗಿ ಇಳಿದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಬಾನೆಟ್ಟಿನ ಮೇಲೆ ಕೈಯಿಟ್ಟು, ಡಾಕ್ಟರು ಮನೆಯವರಿಗೆ ಹೇಳುವ ಹಾಗೆ ಹೇಳಿದರು:

"ಕ್ಲಚ್ ಪ್ಲೇಟ್ ಓಗ್ಬುಟ್ಟದೆ ಕಣವ್ವ. ಎಂಜಿನ್ ತಿರುಗ್ತದೆ, ಗಾಡಿ ಕದಲಾಕಿಲ್ಲ. ಇಂಗೆ ಮೇಲೆ ನಿಂತ್ಕಂಡ್ ನೋಡುದ್ರೆ ಏನೂ ಗೊತ್ತಾಗಾಕಿಲ್ಲ. ಯಾರಾರ ಒಬ್ರು ಕೆಳಗಡೆ ಮಲಿಕಂಡು ನೋಡ್ಬೇಕು."

ಆಗ ಕಾರಿನ ಕೆಳಗಿನಿಂದ ನನ್ನ ಗಂಡನ ದನಿ ಬಂತು:

"ಮಲಿಕಂಡೇ ಇವ್ನಿ ಕಣಣ್ಣೋ!"