ಹರಕೆಗೆ ಹಾಕಿದ ಜೀನ್ಸು

ನನಗೆ ಭಯ ಜಾಸ್ತಿ. ಕುಕ್ಕರ್ ಮೂರನೆಯ ಸೀಟಿ ಹೊಡೆಯುವ ಹೊತ್ತಿಗೆ ಅಡುಗೆಮನೆ ಬಿಟ್ಟು ಹಾಲಿಗೆ ಬಂದು ನಿಲ್ಲುವವಳು ನಾನು. ಹಲ್ಲಿ ಲೊಚಗುಟ್ಟಿದರೆ ಹೊರಟ ಕೆಲಸ ನಿಲ್ಲಿಸಿ ಒಂದು ಲೋಟ ನೀರು ಕುಡಿಯುತ್ತೇನೆ. ಇಷ್ಟೆಲ್ಲ ಭಯದ ನಡುವೆಯೂ ಊಟ ಸೇರುತ್ತದೆ, ಮಲಗಿದರೆ ನಿದ್ದೆ ಬರುತ್ತದೆ; ಅದು ಭಗವಂತನ ದಯೆ. ಆದರೆ ಐವತ್ತಮೂರನೆಯ ವಯಸ್ಸಿನಲ್ಲಿ ಒಂದು ಪ್ಯಾಂಟಿಗೆ ಹೆದರುತ್ತೇನೆ ಎಂದು ನಾನು ಎಣಿಸಿರಲಿಲ್ಲ.

ಜೀನ್ಸಿನ ಭಯ ತವರಿನಿಂದಲೇ ಬಂದದ್ದು. ನಮ್ಮ ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ನಾವು ಕಂಡ ಜೀನ್ಸೆಲ್ಲ ಟೆಂಟ್ ಸಿನಿಮಾದ ಖಳರದ್ದು. ಆ ನೀಲಿ ಪ್ಯಾಂಟು ತೆರೆಯ ಮೇಲೆ ಬಂತೆಂದರೆ ನಾಯಕನ ತಂಗಿಗೆ ಕಷ್ಟ ಕಾದಿದೆ ಎಂದು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವು. ಆಮೇಲೆ ರಾಗಿ ಹೊಲ ಸೈಟುಗಳಾದ ವರ್ಷ ಚಿಕ್ಕಪ್ಪನ ಮಗ ಜೀನ್ಸ್ ತೊಟ್ಟು ಬೈಕಿನ ಮೇಲೆ ಬಂದ. ಅಪ್ಪ ಎದ್ದು ಅವನಿಗೆ ಕುರ್ಚಿ ಹಾಕಿದರು. ಅಲ್ಲಿಂದ ಅದು ಅನುಕೂಲಸ್ಥರ ಬಟ್ಟೆಯಾಯಿತು. ನನ್ನ ಮಗಳು ಕಾವ್ಯ ಕಾಲೇಜು ಸೇರುವ ಹೊತ್ತಿಗೆ ಹಾಕದವಳೇ ವಿಚಿತ್ರ. ಈಗ ನಮ್ಮ ಬೀದಿಯ ಗಣಪತಿ ಗುಡಿಯ ಅರ್ಚಕರೇ ಜೀನ್ಸಿನಲ್ಲಿ ಸ್ಕೂಟರ್ ಏರಿ ಬಂದು, ಒಳಗೆ ಪಂಚೆ ಉಟ್ಟು ಮಂಗಳಾರತಿ ಎತ್ತುತ್ತಾರೆ.

"ಮೊದ್ಲು ಫಾರಿನ್ನಲ್ಲಿ ಗಣಿ ಕೂಲಿಯವ್ರು ಹಾಕ್ತಿದ್ದ ಬಟ್ಟೆ ಕಣಮ್ಮ, ಬೇಗ ಹರಿಯಲ್ಲ ಅಂತ," ಎನ್ನುತ್ತಾಳೆ ಕಾವ್ಯ. ಹರಿಯದಿರಲಿ ಎಂದು ಹೊಲಿದದ್ದನ್ನು ಈಗ ಹರಿದೇ ಮಾರುತ್ತಾರಲ್ಲ, ಆ ಕೂಲಿಯವರು ಕಂಡಿದ್ದರೆ ಏನನ್ನುತ್ತಿದ್ದರೋ.

ಇಂಥ ಬಟ್ಟೆ ನನ್ನ ಸೊಂಟಕ್ಕೇರಲು ಕಾರಣ ಒಂದು ಹರಕೆ. ಹೋದ ವರ್ಷ ನಮ್ಮ ಯಜಮಾನರ ಲಿವರಿನಲ್ಲಿ ಸಣ್ಣ ಗಂಟು ಕಾಣುತ್ತಿದೆ ಎಂದು ಡಾಕ್ಟರು ಹೇಳಿದ ದಿನ, "ಅದು ಬೆಳೆಯದೆ ಇರಲಪ್ಪ, ಶಿವಗಂಗೆ ಬೆಟ್ಟ ಹತ್ತಿ ಬರುತ್ತೇನೆ" ಎಂದು ಬೇಡಿಕೊಂಡಿದ್ದೆ. ಮೊದಲ ಸಲ ಸೀರೆಯಲ್ಲಿ ಹೊರಟು ನೆರಿಗೆ ತುಳಿದು ಬಿದ್ದೆ. ಎರಡನೆಯ ಸಲ ಚೂಡಿದಾರ. ಬಂಡೆಯ ಮೇಲೆ ತೆವಳುವಾಗ ಮಂಡಿಯ ಹತ್ತಿರ ಪರ್ರೆಂದಿತು, ವೇಲು ಕೋತಿಯ ಪಾಲಾಯಿತು. ಎರಡು ಸಲವೂ ಅರ್ಧಕ್ಕೇ ವಾಪಸ್ಸು. ಅಷ್ಟರಲ್ಲಿ ಹೆಬ್ಬಾಳದ ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನಿಂಗಿಗೆ ಸೋಮವಾರ ನಿಗದಿಯಾಯಿತು. ಹರಕೆ ಬಾಕಿ ಇಟ್ಟುಕೊಂಡು ಆ ಮೆಷಿನ್ನಿನೊಳಗೆ ಅವರನ್ನು ಹೇಗೆ ಕಳಿಸಲಿ?

ಕಾವ್ಯ ಯಲಹಂಕದಿಂದ ನನ್ನ ಅಳತೆಯ ಜೀನ್ಸನ್ನು ತಂದೇಬಿಟ್ಟಳು.

"ದೇವ್ರು ಏನಂದ್ಕೊಳ್ತಾನೇ?" ಎಂದೆ.

"ಅವ್ನೇ ಹುಲಿ ಚರ್ಮ ಉಟ್ಕೊಂಡಿದಾನೆ, ನಿಂಗೇನಮ್ಮ ಹೇಳ್ತಾನೆ?"

ಪ್ಯಾಂಟನ್ನು ಕೈಗೆ ತೆಗೆದುಕೊಂಡೆ. ಆದರೂ ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಮೈಮೇಲೆ ಹಾಕಿದವಳಲ್ಲ ನಾನು. ಸೀರೆಗಾದರೆ ಸೆರಗಿನ ಮೂಲೆ ಇದೆ, ಷರಟಿಗೆ ಕಾಲರಿನ ಒಳಗೆ. ಜೀನ್ಸಿಗೆ ಮೂಲೆ ಎಲ್ಲಿದೆ? ತಿರುಗಿಸಿ ಮುರುಗಿಸಿ ನೋಡಿ, ಹಿಂದೆ ಸೊಂಟದ ಹತ್ತಿರ ಹೊಲಿದಿದ್ದ ಕಂದು ಪಟ್ಟಿಗೆ ಅರಿಶಿನ ಕಲಸಿ ಧಾರಾಳವಾಗಿ ಹಚ್ಚಿ, ದೇವರ ಮುಂದಿಟ್ಟು ಕೈಮುಗಿದೆ.

ಭಾನುವಾರ ಬೆಟ್ಟದ ಬುಡದಲ್ಲಿ ಜಯಕ್ಕ ಕಾಯುತ್ತಿದ್ದರು. ಜಯಕ್ಕ ಎಂದರೆ ಯಜಮಾನರ ಅಕ್ಕ, ಚಿಕ್ಕಬಾಣಾವರದವರು. ತಮ್ಮನಿಗಾಗಿ ತಾವೂ ಹತ್ತುತ್ತೇನೆಂದು ಹಟ ಹಿಡಿದಿದ್ದರು. ನಾನು ಮದುವೆಯಾದ ಹೊಸದರಲ್ಲಿ ನೈಟಿಯಲ್ಲಿ ಹಾಲಿನವನಿಗೆ ಬಾಗಿಲು ತೆಗೆದೆನೆಂದು ಒಂದು ತಿಂಗಳು ಮಾತು ಬಿಟ್ಟವರು ಅವರು. ಮಂಡಿಯವರೆಗಿನ ಟಾಪು ಹಾಕಿ, ಅದನ್ನು ಕೆಳಕ್ಕೆ ಎಳೆಯುತ್ತಾ, ಅವರ ಬೆನ್ನ ಹಿಂದೆಯೇ ಉಳಿದುಕೊಂಡೆ. ಆದರೆ ಕಡಿದಾದ ಜಾಗದಲ್ಲಿ, "ನೀನ್ ಮುಂದೆ ನಡಿ, ಜಾರಿದ್ರೆ ನಾನ್ ಇಡ್ಕೊತೀನಿ" ಎಂದರು. ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಟ್ಟಿರಬೇಕು, ಗಾಳಿ ಟಾಪನ್ನು ಎತ್ತಿತು.

"ಲೇ ಲಲಿತ, ನಿಂತ್ಕೊ. ಇಂದ್ಗಡೆ ಏನೇ ಅದು ಅಳದಿ?"

ಕೆಳಗೆ ಪಾತಾಳ, ಮೇಲೆ ಕೋತಿ, ಹಿಂದೆ ಜಯಕ್ಕ.

"ಅರಿಶಿನ ಅಕ್ಕ. ಹೊಸ್ದು ಅಲ್ವಾ, ಅದಕ್ಕೆ..."

ಹಿಂದಿನಿಂದ ಒಂದು ಕೈ ನನ್ನ ಟಾಪನ್ನು ಕೆಳಕ್ಕೆಳೆಯಿತು. ಆಮೇಲೆ ಜಯಕ್ಕ, "ಇಟ್ಟಿದ್ದು ಒಳ್ಳೇದೇ ಆಯ್ತು ಬಿಡು. ಪ್ಯಾಂಟಿಗ್ಯಾಕೆ ಎದರ್ಕೊಂತೀಯ? ನಂಗೆ ನನ್ ತಮ್ಮ ಉಳುದ್ರೆ ಸಾಕು. ಅತ್ತು" ಎಂದರು. ಅವರ ಬಾಯಲ್ಲಿ 'ಹತ್ತು' ಎಂಬುದು 'ಅತ್ತು' ಆಗುತ್ತದೆ. ನಾನು ಎರಡನ್ನೂ ಮಾಡಿದೆ.

ತುದಿ ಮುಟ್ಟಿ, ಜೀನ್ಸು ಬಿಟ್ಟಷ್ಟು ಬಗ್ಗಿ ನಮಸ್ಕಾರ ಮಾಡಿದೆ. ಮಾರನೆಯ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದಷ್ಟು ಹೊತ್ತೂ ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. "ಅಷ್ಟೇ ಇದೆ, ಬೆಳೆದಿಲ್ಲ. ಆರು ತಿಂಗ್ಳು ಬಿಟ್ಟು ಇನ್ನೊಂದ್ಸಲ ನೋಡೋಣ" ಎಂದರು. ಇಲ್ಲವೇ ಇಲ್ಲ ಎನ್ನಲಿಲ್ಲ, ಬೆಳೆದಿಲ್ಲ ಎಂದರು. ಆರು ತಿಂಗಳಿಗೆ ಅಷ್ಟು ಸಾಕು ಎಂದು ನಾನು ಅಲ್ಲೇ ಕಣ್ಣೊರೆಸಿಕೊಂಡೆ.

ಆದರೆ ಆರು ತಿಂಗಳ ಭಯ ಇನ್ನೂ ಇದೆಯಲ್ಲ. ಮೊನ್ನೆ ಕಾವ್ಯ ಏನನ್ನೋ ಹುಡುಕುತ್ತಾ, ದೇವರ ಮನೆಯ ಬೀರುವಿನಲ್ಲಿ ನನ್ನ ಮಡಿಸೀರೆಯ ಮೇಲೆ ಮಡಿಸಿಟ್ಟಿದ್ದ ಜೀನ್ಸನ್ನು ಕಂಡು, "ಇದ್ಯಾಕಮ್ಮ ಇಲ್ಲಿದೆ?" ಎಂದು ಕೈ ಚಾಚಿದಳು.

"ಸ್ನಾನ ಮಾಡ್ದೆ ಅದನ್ನ ಮುಟ್ಬೇಡ ಕಣೇ," ಎಂದು ಒಬ್ಬ ಹೆಂಗಸು ಕೂಗಿದ್ದು ಕೇಳಿಸಿತು. ನಾನೇ.